ಏಳು ಗಂಟೆಯ ಬಸ್ಸು

ಬಸ್ ನಿಲ್ದಾಣಗಳನ್ನು ಕಟ್ಟಿಸುವ ಪುಣ್ಯಾತ್ಮರು ಜನ್ಮದಲ್ಲಿ ಒಮ್ಮೆಯೂ ಬಸ್ಸಿಗಾಗಿ ಕಾದವರಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ನೆಲಮಂಗಲದ್ದನ್ನೇ ನೋಡಿ: ಕೂರಲು ಒಂದೇ ಕಲ್ಲುಬೆಂಚು, ಅದರ ಮೇಲೆ ಯಾರದೋ ಹುಣಿಸೆಹಣ್ಣಿನ ಮೂಟೆ, ಕುಡಿಯಲು ಒಂದು ಹಂಡೆ, ಅದರೊಳಗೆ ನೀರಿನ ಹೊರತು ಮಿಕ್ಕೆಲ್ಲವೂ. ಯುದ್ಧ ಬಂದು ಪೆಟ್ರೋಲು ದುರ್ಲಭವಾದ ಮೇಲೆ ಬಸ್ಸು ಬೆನ್ನಿಗೊಂದು ಇದ್ದಿಲಿನ ಒಲೆ ಕಟ್ಟಿಕೊಂಡು, ಅದರ ಹೊಗೆಯ ಬಲದಿಂದಲೇ ಓಡಾಡುತ್ತಿದೆ. ವೇಗ ಇಳಿದಷ್ಟೂ ದರ ಏರುವ ಈ ಗಣಿತ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ನನಗೂ ಬಗೆಹರಿದಿಲ್ಲ.

ಹೋದ ತಿಂಗಳು ದೊಡ್ಡಬಳ್ಳಾಪುರದಲ್ಲಿ ನನ್ನ ಮಗಳ ನಾಮಕರಣ. ಹೆಂಡತಿ ಜಾನಕಿ ಹೆರಿಗೆಗೆಂದು ತವರಿಗೆ ಹೋಗಿ ನಾಲ್ಕು ತಿಂಗಳಾಗಿತ್ತು. “ಕಣ್ಣು ಥೇಟ್ ನಿಮ್ಮದೇ” ಎಂದು ಅವಳು ಬರೆದಿದ್ದ ಕಾಗದವನ್ನು ಓದಿ ಓದಿ ಮಡಿಕೆಯೇ ಹರಿದಿತ್ತು. ಆ ಕಣ್ಣನ್ನು ಒಮ್ಮೆ ನೋಡಬೇಕೆಂಬ ಹಂಬಲ, ಹೇಳಿಕೊಳ್ಳಲು ಮೇಷ್ಟ್ರಿಗೆ ನಾಚಿಕೆಯಾದರೂ, ನನ್ನನ್ನು ತಿಂದುಹಾಕುತ್ತಿತ್ತು. ದೊರೆತದ್ದು ಒಂದೇ ದಿನದ ರಜೆ.

ನಾನು ಮಲಗಿ ಬೆಳೆದ ತೊಟ್ಟಿಲನ್ನೇ ಒಯ್ಯಬೇಕೆಂಬುದು ಅಮ್ಮನ ಆಜ್ಞೆ. “ಬರಿ ತೊಟ್ಟಿಲು ಹೊರಡಿಸ್ಬಾರ್ದು ಕಣಪ್ಪಾ” ಎಂದು, ಶಾಸ್ತ್ರದಲ್ಲಿ ಮಗುವಿಗೆ ಮುಂಚೆ ಮಲಗಿಸುವ ಒರಳಿನ ಗುಂಡುಕಲ್ಲನ್ನೂ ಅದರಲ್ಲಿಟ್ಟಳು. ಏಳಕ್ಕೆ ಬರಬೇಕಾದ ಬಸ್ಸು ಹತ್ತಕ್ಕೆ ಬಂತು. ಏಜೆಂಟ್ ತೊಟ್ಟಿಲನ್ನು ತಕ್ಕಡಿಗೇರಿಸಿ, ನನ್ನ ಟಿಕೆಟ್ಟಿಗಿಂತ ಹೆಚ್ಚಿನ ಬಾಡಿಗೆ ಹೇಳಿದ.

“ಕಲ್ಲು ತೆಗೆದ್ಬಿಡಿ ಮೇಷ್ಟ್ರೇ. ಆ ಊರಲ್ಲೇನು ಕಲ್ಲಿಗೆ ಬರವಾ?”

ಮಕ್ಕಳಿಗೆ ಮೂಢನಂಬಿಕೆಯ ವಿರುದ್ಧ ವಾರಕ್ಕೊಮ್ಮೆ ಭಾಷಣ ಬಿಗಿಯುವ ನಾನು ಜೇಬಿಗೆ ಕೈಹಾಕಿ ಕಲ್ಲಿಗೂ ದುಡ್ಡು ತೆತ್ತೆ. ಮಗಳ ವಿಷಯದಲ್ಲಿ ವಿಚಾರವಾದಿಯಾಗುವ ಧೈರ್ಯ ಯಾವ ತಂದೆಗಿದೆ, ನೀವೇ ಹೇಳಿ.

ಮಧುರೆಯ ಬಳಿ ಒಲೆ ಆರಿತು. ಇಳಿದು ತಳ್ಳಿದೆವು, ಇದ್ದಿಲು ಕೆದಕಿದೆವು, ಊದಿದೆವು. ಮಸಿ ಬಳಿದ ಮುಖ ಹೊತ್ತು ನಾನು ಮಾವನ ಮನೆ ತಲುಪುವಷ್ಟರಲ್ಲಿ ಊಟದ ಎಲೆಗಳನ್ನು ಎತ್ತಿಯಾಗಿತ್ತು. ಪಕ್ಕದ ಮನೆಯ ತೊಟ್ಟಿಲಲ್ಲಿ, ಪಕ್ಕದ ಮನೆಯ ಗುಂಡುಕಲ್ಲಿನೊಡನೆ ಶಾಸ್ತ್ರ ಮುಗಿದು ಮಗಳು ನಿದ್ದೆ ಹೋಗಿದ್ದಳು.

“ಇಷ್ಟೊತ್ತೂ ಪಿಳಿಪಿಳಿ ಅಂತ ನೋಡ್ತಾ ಇದ್ಲು ಕಣ್ರೀ. ನಿಮ್ಮನ್ನೇ ಕಾಯ್ತಿದ್ಲೇನೋ,” ಎಂದಳು ಜಾನಕಿ. ಅವಳ ಕಣ್ಣೂ ತುಂಬಿತ್ತು.

ಬಾಣಂತಿಯ ಕೋಣೆಗೆ ಗಂಡಸರು ಅಡಿಗಡಿಗೆ ಹೋಗುವಂತಿಲ್ಲ. ನಡುಮನೆಯಲ್ಲಿ ಕೂತು, ಒಳಗಿನಿಂದ ಅಳು ಕೇಳಿದಾಗಲೆಲ್ಲ ನೆಟ್ಟಗಾಗುತ್ತಿದ್ದೆ. ಅತ್ತೆಯವರು ಪರದೆ ಸರಿಸಿ ಕರೆಯುವಷ್ಟರಲ್ಲಿ ಹಾಲು ಕುಡಿದ ಮಗು ಮತ್ತೆ ನಿದ್ದೆ. ಬೆಳಿಗ್ಗೆ ಏಳರ ಬಸ್ಸಿಗೆಂದು ಹೊರಟಾಗಲೂ ನಿದ್ದೆಯೇ. ಆ ಪುಟ್ಟ ರೆಪ್ಪೆಗಳನ್ನಷ್ಟೇ ನೋಡಿ ಮೆಟ್ಟಿಲಿಳಿದೆ.

ದೊಡ್ಡಬಳ್ಳಾಪುರದ ನಿಲ್ದಾಣದಲ್ಲಿ ಬೆಂಚೂ ಇಲ್ಲ, ಹಂಡೆಯೂ ಇಲ್ಲ, ನೆರಳೂ ಇಲ್ಲ. ನನಗೆ ಯಾವುದರ ಮೇಲೂ ದೂರಿರಲಿಲ್ಲ. ಅಲ್ಲಿ ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಲ್ಲಿಸಿ ಅದಕ್ಕೂ ಬಾಡಿಗೆ ಕೇಳಿದ್ದರೆ ಸಂತೋಷವಾಗಿ ಕೊಡುತ್ತಿದ್ದೆ. ನನ್ನ ಮುಖ ನೋಡಿ, ಬಸ್ಸು ಹತ್ತಿಸಲು ಬಂದಿದ್ದ ಮಾವನವರಿಗೆ ಮರುಕ ಹುಟ್ಟಿತು.

“ಈ ಬಸ್ಸು ಯಾವತ್ತು ಹೊತ್ತಿಗೆ ಸರಿಯಾಗಿ ಬಂದೈತೆ ಅಳಿಯಂದ್ರೇ? ಇಷ್ಟೊತ್ತಿಗೆ ಕೂಸು ಎದ್ದಿರ್ತದೆ, ಓಡಿಹೋಗಿ ನೋಡ್ಕೊಂಡು ಬನ್ನಿ.”

ಚೀಲವನ್ನು ಅವರ ಕೈಗಿತ್ತು ನಾಲ್ಕು ಹೆಜ್ಜೆ ಓಡಿದ್ದೆ. ಹಿಂದಿನಿಂದ ಹಾರನ್ ಕೇಳಿಸಿತು. ಗಡಿಯಾರ ನೋಡಿದೆ, ಸರಿಯಾಗಿ ಏಳು.