ಸದನದಲ್ಲಿ ಪೂರ್ಣಗೊಂಡ ಚರಂಡಿ

ಮೊನ್ನೆ ಮಳೆ ಬಿಟ್ಟ ಮೇಲೆ ಮೆಟ್ಟಿಲಿಳಿದು ಬಂದೆ. ಕೆಳಗಿನ ಮನೆಯ ಹುಡುಗರು ಒಳಗೆ ನುಗ್ಗಿದ್ದ ಕೊಳಚೆ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಹೊರಗೆ ಚೆಲ್ಲಿ, ನೆಲಕ್ಕೆಲ್ಲ ಬ್ಲೀಚಿಂಗ್ ಪುಡಿ ಉದುರಿಸಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಓನರಮ್ಮ ನೆನಪಾದರು. ಅದೇ ಮನೆಯಲ್ಲಿ, ಅದೇ ವಾಸನೆಯಲ್ಲಿ ಅವರು ಎಷ್ಟೋ ಮಳೆಗಾಲ ಕಳೆದಿದ್ದರು...

ನಾನು ಹಾವೇರಿ ಕಡೆಯಿಂದ ಪೀಣ್ಯದ ಫ್ಯಾಕ್ಟರಿಗೆ ಕೆಲಸಕ್ಕೆಂದು ಬಂದು ಬಾಗಲಗುಂಟೆಯಲ್ಲಿ ಅವರ ಮಹಡಿಮನೆಗೆ ಬಾಡಿಗೆಗೆ ಸೇರಿದೆ. ಹೊಲವಿದ್ದ ಜಾಗದಲ್ಲೇ ಮನೆ ಕಟ್ಟಿಸಿಕೊಂಡ ಊರಿನ ಹಳಬರು ಅವರು. ಮೇಲಿನ ಮನೆಗಳನ್ನು ನಮಗೆ ಕೊಟ್ಟು, ಮಂಡಿನೋವಿನಿಂದಾಗಿ ತಾವು ಕೆಳಗೇ ಇದ್ದರು. ನಮ್ಮ ಬೀದಿ ತಗ್ಗಿನಲ್ಲಿದೆ. ಚರಂಡಿ ಎಂಬುದೇ ಇಲ್ಲದ್ದರಿಂದ ಮೇಲಿನ ಬೀದಿಗಳ ನೀರೆಲ್ಲ ಹರಿದು ಬಂದು ಅವರ ಹೊಸಿಲು ದಾಟುತ್ತಿತ್ತು. ಮೋಡ ಕವಿದರೆ ಸಾಕು, ಅವರು ಅಕ್ಕಿ ಡಬ್ಬವನ್ನು ಮಂಚದ ಮೇಲಿಟ್ಟು ಬಾಗಿಲಲ್ಲಿ ಕೂತುಬಿಡುತ್ತಿದ್ದರು. ನಾನೂ ಇಳಿದು ಹೋಗಿ ಕೂರುತ್ತಿದ್ದೆ. ಇಬ್ಬರಿಗೂ ನಿದ್ದೆಯಿರುತ್ತಿರಲಿಲ್ಲ.

ಚರಂಡಿಗೆಂದು ಗುದ್ದಲಿ ಪೂಜೆ ಮಾತ್ರ ಆಗುತ್ತಲೇ ಇತ್ತು. ಶಾಮಿಯಾನ ಹಾಕುವರು, ಶಾಸಕರು ಬರುವರು, ಫೋಟೊ ತೆಗೆಸಿಕೊಂಡು ಹೋಗುವರು. ಬೀದಿಯ ಹಿರಿಯರೆಂದು ಆರತಿ ಎತ್ತಲು ಓನರಮ್ಮನನ್ನೇ ಕರೆಯುತ್ತಿದ್ದರು. ಒಂದು ಸಲ ಅವರು ತಟ್ಟೆ ಮುಟ್ಟಲಿಲ್ಲ. ಎಲ್ಲರ ಮುಂದೆಯೇ ಕೇಳಿದರು: "ಓದ್ಸಲನೂ ಇಲ್ಲೇ ಪೂಜೆ ಮಾಡುದ್ರಿ. ಆ ದುಡ್ಡು ಏನಾಯ್ತು ಯೋಳಿ, ಆಮೇಲೆ ಆರ್ತಿ ಎತ್ತೀನಿ."

ಬೇರೆಯವರ ಕೈಲಿ ಆರತಿ ಎತ್ತಿಸಿ ಪೂಜೆ ಮುಗಿಸಿದರು. ಆದರೆ ಅವರು ಬಿಡುವ ಪೈಕಿಯಲ್ಲ. ವಿರೋಧ ಪಕ್ಷದ ಸದಸ್ಯರೊಬ್ಬರ ಮನೆಗೆ ಅಲೆದು ಅಲೆದು, ಆ ದುಡ್ಡಿನ ಬಗ್ಗೆ ಸದನದಲ್ಲೇ ಒಂದು ಪ್ರಶ್ನೆ ಕೇಳಿಸಿದರು. ಬೀದಿಗೆ ಬೀದಿಯೇ ಹಿಗ್ಗಿತು. ಉತ್ತರವೂ ಬಂತು. 'ಸದರಿ ಕಾಮಗಾರಿ ಪೂರ್ಣಗೊಂಡಿದೆ.'

ನಾನು ಓದಿ ಹೇಳಿದಾಗ ಅವರು ನಂಬಲಿಲ್ಲ, ಇನ್ನೊಮ್ಮೆ ಓದಿಸಿದರು. ಅದರ ಮೇಲೆ ವಾರ್ಡಿನ ಇಂಜಿನಿಯರ್ ಬೇರೆ ಕೈಯೆತ್ತಿಬಿಟ್ಟರು. ಆಗಿಹೋದ ಕೆಲಸಕ್ಕೆ ಮತ್ತೆ ಹಣ ಕೇಳಲು ಬರುವುದಿಲ್ಲವಂತೆ! ಪ್ರಶ್ನೆ ಕೇಳದಿದ್ದರೆ ಎಂದಾದರೂ ಚರಂಡಿ ಆಗುತ್ತಿತ್ತೇನೋ, ಕೇಳಿದ್ದರಿಂದ ಆ ಆಸೆಯೂ ಹೋಯಿತು.

"ಬೀದೀಲಿ ನಿಂತು ಸುಳ್ಳೇಳಿದ್ರೆ ಜಗಳ ಆಡ್ಬೋದಿತ್ತು ಕಣಮ್ಮ. ಅವ್ರು ಅಲ್ಲಿ ಯೋಳವ್ರೆ. ಅಲ್ಲಿಗೆ ಎಂಗೆ ಓಗದು?" ಎಂದರು.

ಹೋಗಿಯೇ ಬಿಟ್ಟೆವು. ಅದೇ ಸದಸ್ಯರಿಂದ ಪಾಸು ಪಡೆದು, ಓನರಮ್ಮ ಮದುವೆಗೆ ಉಡುವ ಸೀರೆ ಉಟ್ಟು ವಿಧಾನಸೌಧಕ್ಕೆ ಬಂದರು. ಮೇಲಿನ ಗ್ಯಾಲರಿಯಲ್ಲಿ ಕೂತೆವು. ಕೆಳಗೆ ಅರ್ಧಕ್ಕರ್ಧ ಕುರ್ಚಿ ಖಾಲಿ. ಇದ್ದವರಲ್ಲಿ ಕೆಲವರು ಎದ್ದು ಬಂದು ಕೂಗಾಡುತ್ತಿದ್ದರು. ಆ ಗಲಾಟೆಯ ನಡುವೆಯೇ ಇಲಾಖೆಗಳಿಗೆ ಕೊಡುವ ಹಣಕ್ಕೆ ಒಪ್ಪಿಗೆ ಕೇಳಲಾಯಿತು. ಕೆಲವರು "ಹೌದು" ಎಂದರು, ಮುಗಿಯಿತು. ಒಂದು ಇಲಾಖೆಯಾದ ಮೇಲೆ ಇನ್ನೊಂದು. ಯಾರೂ ಏನೂ ಕೇಳಲಿಲ್ಲ.

ಓನರಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು. "ಮುಗೀತಾ? ಇದ್ರಾಗೆ ನಮ್ ಚರಂಡೀನೂ ಇತ್ತಾ?" ಎಂದು ಪಿಸುಗುಟ್ಟಿದರು. ನನಗೆ ತಿಳಿಯಲಿಲ್ಲ. ಮಾತಾಡಬಾರದೆಂದು ಮಾರ್ಷಲ್ ಸನ್ನೆ ಮಾಡಿದರು. ಬಸ್ಸಿನಲ್ಲಿ ಮನೆ ತಲುಪುವವರೆಗೂ ಅವರು ತುಟಿ ಬಿಚ್ಚಲಿಲ್ಲ. ಅಷ್ಟು ಬಾಯಿಯ ಹೆಂಗಸು ಹಾಗೆ ಸುಮ್ಮನಾದದ್ದು ಕಂಡು ನನಗೆ ಹೆದರಿಕೆಯೇ ಆಯಿತು.

ಹೋದ ವರ್ಷ ಮಳೆಗಾಲಕ್ಕೆ ಮೊದಲೇ ಅವರು ತೀರಿಕೊಂಡರು. ಮಕ್ಕಳು ಕೆಳಗಿನ ಮನೆಯನ್ನೂ ಬಾಡಿಗೆಗೆ ಕೊಟ್ಟರು. ನಾನು ಇಲ್ಲೇ ಇದ್ದೇನೆ. ಮೋಡ ಕವಿದರೆ ಈಗಲೂ ನಿದ್ದೆ ಬರುವುದಿಲ್ಲ, ಕೆಳಗಿಳಿದು ಹೋದರೆ ಜೊತೆಗೆ ಕೂರುವವರಿಲ್ಲ...

ನಿನ್ನೆ ಬೆಳಿಗ್ಗೆ ಬೀದಿಯಲ್ಲಿ ಮತ್ತೆ ಶಾಮಿಯಾನ ಎದ್ದಿತ್ತು. ಹಾಳಾಗಿರುವ ಚರಂಡಿಯ ದುರಸ್ತಿಗೆ ಅನುದಾನ ಬಂದಿದೆಯೆಂದು ಮೈಕಿನಲ್ಲಿ ಹೇಳುತ್ತಿದ್ದರು. ದುರಸ್ತಿ! ನಗು ಬಂತು, ಹಿಂದೆಯೇ ಹೊಟ್ಟೆ ಉರಿಯಿತು. ಸುತ್ತ ನೋಡಿದೆ. ಎಲ್ಲರೂ ಕೈಕಟ್ಟಿ ನಿಂತಿದ್ದರು. ಫ್ಯಾಕ್ಟರಿಗೆ ಹೊತ್ತಾಗಿತ್ತು, ಆದರೂ ಕಾಲು ಮುಂದಕ್ಕೆ ಹೋಯಿತು.

"ಯಾವ ಚರಂಡಿ ರಿಪೇರಿ ಮಾಡ್ತೀರಿ ಸಾಹೇಬ್ರ? ಮೊದಲ ಅದನ್ನ ತೋರಸ್ರಿ."

ಶಾಸಕರು ತಿರುಗಿ ನೋಡಿ, ಯಾರಮ್ಮ ನೀನು, ಎಲ್ಲಿಯವಳು ಎಂದು ಕೇಳಿದರು. ಓನರಮ್ಮನ ಮನೆಯಾಕಿ ಎಂದೆ. ಅವರಿಗೆ ಗುರುತು ಹತ್ತಿತು. "ಓ, ಆಯಮ್ಮನಾ? ಎಲ್ಲಿ, ಕಾಣ್ತಾನೇ ಇಲ್ಲ?" ಎಂದರು.

"ತೀರಿಕೊಂಡ್ರು ರೀ."

"ಛೇ, ಪಾಪ" ಎಂದು ಅವರು ಕೈ ಮುಗಿದರು. ಅವರ ಮುಖದ ಬಿಗಿ ಸಡಿಲವಾದದ್ದು ನನಗೆ ಚೆನ್ನಾಗಿ ಕಂಡಿತು. ಗುದ್ದಲಿ ಕೈಗೆತ್ತಿಕೊಂಡರು. ನಾನು ಅವರೆದುರಿಗೇ ಹೋಗಿ ನಿಂತು ಇನ್ನೊಮ್ಮೆ ಕೇಳಿದೆ.