ಗುರುಗುಟ್ಟದ ನಾಯಿ

ಪೂರ್ಣಾ, ನೀನು ನಮ್ಮ ನಾಯಿ ವಾಘ್ಯಾನ ತಾಟಿಗೆ ಕೈ ಹಾಕಿರಲಿಲ್ಲ. ಅದು ನಾನು ಕಟ್ಟಿದ ಸುಳ್ಳು. ನಿನ್ನ ಬಲಗೈಯ ಮೇಲಿನ ಆ ಗಾಯದ ಕಲೆ ನಿನ್ನ ತುಂಟತನದಿಂದ ಆದದ್ದಲ್ಲ, ನನ್ನ ಮಾತು ಕೇಳಿದ್ದರಿಂದ ಆದದ್ದು. ಇದನ್ನು ನಿಮ್ಮವ್ವ ಇದ್ದಾಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವಳು ಹೋಗಿ ಇನ್ನೂ ತಿಂಗಳು ತುಂಬಿಲ್ಲ. ಆ ಸುಳ್ಳನ್ನೇ ಖರೆ ಎಂದು ನಂಬಿಕೊಂಡು ಹೋದಳು.

ನಿನಗೆ ಆಗ ಆರು ವರ್ಷವಿರಬೇಕು. ಹೋರಿ ಪಳಗಿಸುವುದರಲ್ಲಿ ನನ್ನ ಹೆಸರು ಕೊಣ್ಣೂರ ದಾಟಿ ಹೋಗಿದ್ದ ಕಾಲ ಅದು. ಮೂಡಲಗಿಯಿಂದ, ಹುಕ್ಕೇರಿಯಿಂದ ಜನ ತಮ್ಮ ಹೋರಿಗಳನ್ನು ನಮ್ಮ ತೋಟದ ಮನೆಗೆ ತಂದು ಕಟ್ಟುತ್ತಿದ್ದರು. ಹಾಯಲು ಬರುವುದಿರಲಿ, ನೊಗ ಕಂಡರೆ ನೆಲಕ್ಕೆ ಮಲಗುವುದಿರಲಿ, ನನ್ನ ತಂದೆ ಕಲಿಸಿದ ಕ್ರಮ ಒಂದೇ. ಕೊಂಬು ಅಲುಗಿಸಿದ ಕೂಡಲೇ ಬಾರಕೋಲಿನ ಒಂದು ಏಟು. ತಡಮಾಡಬಾರದು, ಸಿಟ್ಟಿನಲ್ಲೂ ಹೊಡೆಯಬಾರದು. ಕೆಲವು ವಾರಗಳಲ್ಲಿ ಹೋರಿ ತಾನಾಗಿ ತಲೆ ತಗ್ಗಿಸುತ್ತಿತ್ತು.

ವಾಘ್ಯಾನನ್ನು ಹತ್ತರಗಿಯ ಬೀಗರು ಮರಿಯಿದ್ದಾಗ ಕೊಟ್ಟಿದ್ದರು. ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ. ಓಡಿದರೆ ನಿಂತು ನೋಡಬೇಕು, ಹಾಗಿತ್ತು. ಬೆಳೆಯುತ್ತ ಬಂದಂತೆ ಮಕ್ಕಳು ಹತ್ತಿರ ಸುಳಿದರೆ ಗುರುಗುಟ್ಟತೊಡಗಿತು. ಕಬ್ಬು ಕಡಿಯಲು ಬಂದವರ ಮಕ್ಕಳು ಹೆದರಿ ನಮ್ಮ ಬಾವಿಯ ಕಡೆ ನೀರಿಗೂ ಬರುತ್ತಿರಲಿಲ್ಲ. ಮನೆಯಲ್ಲಿ ಸಣ್ಣ ಕೂಸು ಇದೆ, ಯಾರಿಗಾದರೂ ಕೊಟ್ಟುಬಿಡಿ ಎಂದು ನಿಮ್ಮವ್ವ ಎಷ್ಟೋ ಸಲ ಹೇಳಿದಳು. ನಾನು ನಕ್ಕೆ. ಹೋರಿಯನ್ನೇ ಪಳಗಿಸುವವನಿಗೆ ನಾಯಿ ಯಾವ ಲೆಕ್ಕ! ಅದು ಗುರ್ ಎಂದಾಗಲೆಲ್ಲ ಅದೇ ಬಾರಕೋಲು ಬೀಸಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ವಾಘ್ಯಾ ಗುರುಗುಟ್ಟುವುದನ್ನು ಪೂರ್ತಿ ಬಿಟ್ಟಿತು. ಬಂದವರಿಗೆಲ್ಲ ತೋರಿಸಿ ಹೇಳಿಕೊಂಡೆ. ಮಕ್ಕಳು ಹತ್ತಿರ ಹೋದರೆ ಅದರ ಮೈ ಬಿಗಿಯುತ್ತಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂದು ಬರೆಯಹೊರಟೆ — ಇಲ್ಲ, ಬಿದ್ದಿತ್ತು.

ಎಳ್ಳಮಾಸಿಯ ದಿನ. ನಿಮ್ಮವ್ವ, ಕಾಕಾಂದಿರು, ಅತ್ತೆಯರು ಎಲ್ಲರೂ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಜೋಳದ ಹೊಲಕ್ಕೆ ಇಳಿದಿದ್ದರು. ಹುಕ್ಕೇರಿಯವನೊಬ್ಬ ತನ್ನ ಹೋರಿ ಒಯ್ಯಲು ಬಂದಿದ್ದನಾದ್ದರಿಂದ ನಾನು ಹಿಂದೆ ಉಳಿದಿದ್ದೆ. ನೀನು ನನ್ನ ಬಾಜೂ ಕಡುಬು ತಿನ್ನುತ್ತ ಕೂತಿದ್ದೆ. ವಾಘ್ಯಾ ಕಟ್ಟಿದ ಜಾಗದಲ್ಲಿ ಹಾಲುರೊಟ್ಟಿ ತಿನ್ನುತ್ತಿತ್ತು. ನಾನು ಎಂದಿನಂತೆ ನಾಯಿಯ ಕಥೆ ತೆಗೆದೆ. ಆ ಮನುಷ್ಯ ಎಲ್ಲವನ್ನೂ ಕೇಳಿ ನಕ್ಕ.

"ಬಾಯಿ ಮುಚ್ಚಿಸೀರಿ ಅಣ್ಣಾರ, ಹಲ್ಲು ಇನ್ನೂ ಅದಾವಲ್ಲ?"

ಆ ಮಾತು ನನಗೆ ತಾಗಿತು. ನಿನ್ನ ಕಡೆ ತಿರುಗಿ ಹೇಳಿದೆ: "ಹೋಗವ್ವಾ, ಅದರ ಕಿವಿ ಹಿಡದು ತೋರಸು. ಏನೂ ಮಾಡಂಗಿಲ್ಲ ಅದು."

ನೀನು ಹೋದೆ. ಅಪ್ಪ ಹೇಳಿದನೆಂದು ಹೋದೆ. ವಾಘ್ಯಾ ತಿನ್ನುವುದನ್ನು ನಿಲ್ಲಿಸಿತು, ಸದ್ದು ಮಾಡಲಿಲ್ಲ. ನೀನು ಕಿವಿ ಮುಟ್ಟಿದ್ದೇ ತಡ —

ನಾನು ಬಿಡಿಸಿ ನಿನ್ನನ್ನು ಎತ್ತಿಕೊಳ್ಳುವಷ್ಟರಲ್ಲಿ ನಿಮ್ಮವ್ವ ಗದ್ದಲ ಕೇಳಿ ಹೊಲದಿಂದ ಓಡಿ ಬಂದಳು. ತಾಟು ಬೋರಲು ಬಿದ್ದಿತ್ತು. ಅದನ್ನು ನೋಡಿ ನನ್ನ ಬಾಯಿಂದ ಹೊರಟಿತು: "ತಾಟಿಗೆ ಕೈ ಹಾಕಿದಳು." ಹುಕ್ಕೇರಿಯವನು ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ತನ್ನ ಹೋರಿ ಬಿಚ್ಚಿಕೊಂಡು ಹೋದ. ನೀನು ನೋವಿನಲ್ಲೂ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದೆ. ಗೋಕಾಕದ ದವಾಖಾನೆಯಲ್ಲಿ ಸೂಜಿ ಚುಚ್ಚಿದಾಗಲೂ ಅಳಲಿಲ್ಲ.

ನಾಯಿಯನ್ನು ದೂರದ ಇಟ್ಟಿಗೆ ಭಟ್ಟಿಯವರಿಗೆ ಕೊಟ್ಟೆ. ಅದು ಮುಂದೆ ಏನಾಯಿತೆಂದು ಎಂದೂ ಕೇಳಲಿಲ್ಲ. ಸುಳ್ಳು ಮಾತ್ರ ಮನೆಯಲ್ಲೇ ಉಳಿಯಿತು. ಲೋಟ ಒಡೆದರೆ, ಹಾಲು ಚೆಲ್ಲಿದರೆ, ಅಕೀ ಕೈ ಸುಮ್ಮನಿರಂಗಿಲ್ಲ, ನಾಯಿ ತಾಟನ್ನೂ ಬಿಟ್ಟಾಕಿಯಲ್ಲ ಎಂದು ನಿಮ್ಮವ್ವ, ಅತ್ತೆಯರು ಆಡಿಕೊಂಡರು. ನಿನ್ನನ್ನು ನೋಡಲು ಬಂದ ಬೀಗರು ಕೈಯ ಕಲೆ ಏನೆಂದು ಕೇಳಿದಾಗ ನೀನೇ ನಕ್ಕು, "ಸಣ್ಣಾಕಿದ್ದಾಗ ಭಾಳ ಕಿಡಿಗೇಡಿ ಇದ್ದೆ ರೀ" ಎಂದೆ. ನಾನು ಅಲ್ಲೇ ಕೂತು ಚಹಾ ಕುಡಿದೆ. ನಿನಗೆ ನಿಜ ನೆನಪಿದೆಯೋ, ನನ್ನ ಮಾತೇ ನಿನ್ನ ನೆನಪಾಯಿತೋ — ಕೇಳಲು ಧೈರ್ಯ ಬರಲಿಲ್ಲ.

ಆದರೂ ನೀನು ನಾಯಿಗೆ ಹೆದರುವವಳಾಗಲಿಲ್ಲ. ಮೂಡಲಗಿಯ ನಿನ್ನ ಸಾಲಿಯಲ್ಲಿ ಮಕ್ಕಳಿಗೆ ಪಾಠದ ನಡುವೆ ನಾಯಿಯ ಭಾಷೆಯನ್ನೂ ಕಲಿಸುತ್ತೀ ಎಂದು ಕೇಳಿದ್ದೆ. ಬೆನ್ನು ಹತ್ತಿದರೆ ಓಡಬೇಡಿ, ಕಂಬದಂತೆ ನಿಲ್ಲಿ. ತಿನ್ನುವಾಗ, ಮರಿ ಹಾಕಿದಾಗ ಹತ್ತಿರ ಹೋಗಬೇಡಿ. ಒಂದು ದಿನ ನಿನ್ನ ಸಾಲಿಯ ಹೊರಗೆ ನಿಂತು ನಾನೇ ಕೇಳಿಸಿಕೊಂಡೆ. ಅಷ್ಟು ಮಕ್ಕಳು ಅಲುಗದೆ ಕಂಬಗಳಾಗಿ ನಿಂತಿದ್ದರು. ಎಷ್ಟು ಹೋರಿ ಪಳಗಿಸಿದರೂ ನನ್ನ ಎದೆ ಅಷ್ಟು ತುಂಬಿರಲಿಲ್ಲ. ಇವಳು ನನ್ನ ಮಗಳು ಎಂದು ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಹೇಳಬೇಕೆನಿಸಿತು.

ಮೊನ್ನೆ ಅವ್ವನ ದುಃಖಕ್ಕೆಂದು ನೀನು ಇಲ್ಲಿದ್ದಾಗ, ನಿನ್ನ ಮಗ ಪವನ ಕೊಟ್ಟಿಗೆಯಲ್ಲಿ ನಮ್ಮ ಈಗಿನ ನಾಯಿ ಬೆಳ್ಳಿ ಹಾಕಿದ ಮರಿಗಳ ಹತ್ತಿರ ಹೋದ. ಬೆಳ್ಳಿ ಗುರ್ ಎಂದಿತು. ನನ್ನ ಕೈ ತಾನಾಗಿ ಗೂಟದ ಮೇಲಿನ ಬಾರಕೋಲಿಗೆ ಹೋಯಿತು. ನೀನು ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡು ಇನ್ನೊಂದರಿಂದ ನನ್ನ ಕೈ ಹಿಡಿದೆ. ಕಲೆಯಿರುವ ಕೈ ಅದು.

"ಗುರ್ ಅನ್ಲಿ ಬಿಡ್ರಿ ಅಪ್ಪಾ. ಹತ್ರ ಬರಬ್ಯಾಡ ಅಂತ ಹೇಳಾಕತ್ತೈತಿ. ಅಷ್ಟು ಹೇಳೂದನ್ನೂ ಬಿಡಿಸಿದ್ರ ಸೀದಾ ಕಡೀತೈತಿ."

ಯಾರಿಗೆ ಹೇಳುತ್ತಿದ್ದೀ ಎಂಬುದು ನಿನಗೆ ಗೊತ್ತಿರಲಿಲ್ಲ. ಗೊತ್ತಿತ್ತೇನೋ.

ತಿಂಗಳ ಪೂಜೆಗೆ ಅತ್ತೆಯರು, ಕಾಕಾಂದಿರು ಎಲ್ಲ ಬರುತ್ತಾರೆ. ಊಟಕ್ಕೆ ಕೂಡುವ ಮೊದಲು ಎಲ್ಲರೆದುರು ಇದನ್ನು ನಾನೇ ಹೇಳುತ್ತೇನೆ. ಆದರೆ ಮೊದಲು ನಿನಗೆ ಗೊತ್ತಾಗಬೇಕೆಂದು ಬರೆದೆ. ನಿಮ್ಮವ್ವನಿಗೆ ಹೇಳುವ ದಾರಿ ಇನ್ನಿಲ್ಲ. ಅದು ನನ್ನ ಮೇಲೆಯೇ ಇರಲಿ. ಬಾರಕೋಲನ್ನು ಗೂಟದಿಂದ ತೆಗೆದು ಒಲೆಗೆ ಹಾಕಿದ್ದೇನೆ.

ಇದನ್ನು ಓದಿ ನಿನಗೆ ಸಿಟ್ಟು ಬರಬಹುದು, ಬರಲಿ. ಎಷ್ಟು ದಿನವಾದರೂ, ಎಷ್ಟು ಗಟ್ಟಿಯಾಗಿ ಬಂದರೂ, ಅದನ್ನು ಸುಮ್ಮನಾಗಿಸಲು ಈ ಸಲ ನಾನು ಕೈ ಎತ್ತುವುದಿಲ್ಲ, ಮಾತೂ ಆಡುವುದಿಲ್ಲ.