ಹೆದರಿಸದೆ ಬರೆದ ದೊಡ್ಡಕ್ಕ

ಹದಿಹರೆಯದವರ ಕಥಾಸಾಹಿತ್ಯವೆಂದರೆ ಮಕ್ಕಳ ಕಥೆಗಿಂತ ನಾಲ್ಕು ಪುಟ ಹೆಚ್ಚು, ದೊಡ್ಡವರ ಕಾದಂಬರಿಗಿಂತ ನಾಲ್ಕು ಮಾತು ಕಡಿಮೆ ಎಂದು ಪ್ರಕಾಶಕರೂ ಪೋಷಕರೂ ತಿಳಿದಿದ್ದ ಕಾಲವೊಂದಿತ್ತು. ಆ ವಯಸ್ಸಿನವರಿಗೂ ಅವರದೇ ಆದ ಪುಸ್ತಕಗಳು ಬೇಕು, ಅವರ ಮನೆಯೊಳಗಿನ ಸಂಕಟಗಳಿಗೂ ಅಲ್ಲಿ ಜಾಗ ಸಿಗಬೇಕು ಎಂದು ಹಟ ಹಿಡಿದು ದುಡಿದವರಲ್ಲಿ ನಮ್ಮ ಸಂಪಾದಕರು ಮೊದಲ ಸಾಲಿಗೆ ಸೇರುತ್ತಾರೆ. ಕಚೇರಿಯಲ್ಲಿ ಅವರು ಎಲ್ಲರಿಗೂ ‘ದೊಡ್ಡಕ್ಕ’. ಎತ್ತರದಲ್ಲಿ ನಮ್ಮೆಲ್ಲರಿಗಿಂತ ಗಿಡ್ಡಗಿರುವ ಅವರಿಗೆ ಈ ಹೆಸರನ್ನು ಯಾರಿಟ್ಟರೋ ತಿಳಿಯದು. ಮೇಲಿನ ಕಪಾಟಿನಿಂದ ಹಳೆಯ ಸಂಚಿಕೆ ತೆಗೆಯಬೇಕಾದಾಗಲೆಲ್ಲ, “ದೊಡ್ಡಕ್ಕನಿಗೆ ಒಂದು ಸ್ಟೂಲ್ ಕೊಡ್ರಪ್ಪ” ಎಂದು ಅವರೇ ನಗುತ್ತಿದ್ದರು. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಕೈಕೆಳಗೆ ಉಪಸಂಪಾದಕಿಯಾಗಿ ಅಕ್ಷರದ ಕೆಲಸ ಕಲಿತ ನನಗೆ ಈ ಅಭಿನಂದನ ಸಂಪುಟಕ್ಕೆ ನಾಲ್ಕು ಮಾತು ಬರೆಯುವ ಅವಕಾಶ ಒದಗಿರುವುದು ನನ್ನ ಭಾಗ್ಯ.

ದೊಡ್ಡಕ್ಕ ಕರಡು ತಿದ್ದುವವರಾಗಿ ಈ ಸಂಸ್ಥೆಗೆ ಬಂದರು. ಮುದ್ರಣಾಲಯದ ಸದ್ದು ಗೋಡೆಯಾಚೆಯಿಂದ ಕೇಳುತ್ತಿದ್ದ ಇಕ್ಕಟ್ಟಾದ ಕೋಣೆಯಲ್ಲಿ ಕುಳಿತು, ಇತರರ ಕಥೆಗಳ ಕಾಗುಣಿತ ತಿದ್ದುತ್ತಲೇ ಕಥೆ ಎಲ್ಲಿ ಸುಳ್ಳಾಗುತ್ತದೆ ಎಂಬುದನ್ನು ಗುರುತಿಸಲು ಕಲಿತರು. ನಮ್ಮ ಹದಿಹರೆಯದವರ ಮಾಸಪತ್ರಿಕೆಗೆ ಸಂಪಾದಕರಾದ ಮೇಲೆ, ಹಿಂದಿರುಗಿಸಬೇಕಾದ ಬರಹವನ್ನು ಒಳ್ಳೆಯ ಮಾತೊಂದನ್ನು ಸೇರಿಸದೆ ಎಂದೂ ಹಿಂದಿರುಗಿಸಲಿಲ್ಲ. ಹೆರಿಗೆಯ ರಜೆ ಮುಗಿಸಿ ನಾನು ಕೆಲಸಕ್ಕೆ ಮರಳಿದಾಗ, ಯಾರೂ ಕೇಳುವ ಮೊದಲೇ ತಮ್ಮ ಕೋಣೆಯ ಒಂದು ಮೂಲೆಗೆ ಪರದೆ ಕಟ್ಟಿಸಿ, “ಇದು ಮಗುವಿನ ವಿಭಾಗ, ಗಂಡಸರಿಗೆ ಪ್ರವೇಶ ಇಲ್ಲ” ಎಂದು ಸಾರಿದರು. ನನ್ನ ಮಗಳು ಅಲ್ಲೇ ಹಾಲು ಕುಡಿದು, ಅಲ್ಲೇ ನಿದ್ದೆ ಹೋಗಿ, ಅಲ್ಲೇ ಕುಳಿತುಕೊಳ್ಳಲು ಕಲಿತಳು.

ಅವರ ಸೇವೆಯ ಮಾತು ಬಂದಾಗ ಎಲ್ಲರೂ ನೆನೆಯುವುದು ಅವರು ಬರೆದ ಒಂದೇ ಒಂದು ಕಾದಂಬರಿಯನ್ನು. ಮಾದಕವ್ಯಸನಕ್ಕೆ ಸಿಕ್ಕ ಎಳೆಯ ತಾಯಿಯೊಬ್ಬಳ ಪಾಡನ್ನು ಅವಳ ಶಾಲೆಗೆ ಹೋಗುವ ತಂಗಿಯ ಬಾಯಿಂದ ಹೇಳಿಸುವ ಕಥೆ ಅದು. ಬರೆದುಕೊಡಿ ಎಂದು ಹಲವು ಲೇಖಕರನ್ನು ಕೇಳಿ, ಯಾರೂ ಒಪ್ಪದಿದ್ದಾಗ ತಾವೇ ಲೇಖನಿ ಹಿಡಿದರು. ಪತ್ರಿಕೆಯ ಮಾಲೀಕರಾದ ಯಜಮಾನರಿಗೆ ವಿಷಯ ಹಿಡಿಸಲಿಲ್ಲ. ಕೊನೆಯಲ್ಲಿ ಆ ತಾಯಿ ಸಾಯುವುದಾದರೆ ಮಾತ್ರ ಧಾರಾವಾಹಿ ನಡೆಯಲಿ, ಓದುವ ಮಕ್ಕಳಿಗೆ ಭಯವಾದರೂ ಹುಟ್ಟಲಿ ಎಂಬುದು ಅವರ ನಿಲುವು. ದೊಡ್ಡಕ್ಕ ಶಾಂತವಾಗಿಯೇ ಉತ್ತರಿಸಿದರು: “ಹೆದರಿದ ಮಕ್ಕಳು ಮುಚ್ಚಿಡೋದನ್ನ ಕಲೀತಾರೆ ಸರ್, ಬಿಡೋದನ್ನಲ್ಲ.” ಅಂತ್ಯದ ಮಾತು ಆಮೇಲೆ ನೋಡೋಣವೆಂದು ಇಬ್ಬರೂ ಅಲ್ಲಿಗೇ ನಿಲ್ಲಿಸಿದರು.

ಕಥೆ ಅರ್ಧ ದಾರಿ ಸಾಗಿದ್ದಾಗ, ಒಂದು ಬೆಳಿಗ್ಗೆ, ಇಪ್ಪತ್ತು ದಾಟಿರದ ಹೆಣ್ಣುಮಗಳೊಬ್ಬಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಕಚೇರಿಗೆ ಬಂದಳು. ಧಾರಾವಾಹಿಯ ವಿರುದ್ಧ ದೂರು ತಂದಿರಬೇಕೆಂದುಕೊಂಡು ನಾನೇ ಅವಳನ್ನು ದೊಡ್ಡಕ್ಕನ ಕೋಣೆಗೆ ಕರೆದೊಯ್ದೆ. ತಂಗಿಯ ಶಾಲೆಯ ಚೀಲದಲ್ಲಿ ಪತ್ರಿಕೆ ಸಿಕ್ಕಿತೆಂದಳು.

“ಈ ಕಥೇಲಿ ಬರೋ ಹುಡುಗಿ ಹತ್ರ ಕೊನೇಲಿ ಮಗು ಉಳಿಯುತ್ತಾ ಮೇಡಂ?”

“ಇನ್ನೂ ಬರೆದಿಲ್ಲಮ್ಮ. ನಿನಗೇನು ಅನ್ಸುತ್ತೆ?”

“ಗೊತ್ತಿಲ್ಲ. ಅದಕ್ಕೇ ಕೇಳೋಣ ಅಂತ ಬಂದೆ.”

ದೊಡ್ಡಕ್ಕ ಬುದ್ಧಿ ಹೇಳಲಿಲ್ಲ. ಮಗುವಿಗೆ ಹಸಿವಾಗಿದೆಯೇ ಎಂದು ಕೇಳಿ ಪರದೆಯ ಹಿಂದೆ ಕೂರಿಸಿದರು. ಹಾಲೂಡಿಸುತ್ತಲೇ ಅವಳು ಎಲ್ಲವನ್ನೂ ಹೇಳಿಕೊಂಡಳು. ಹೆರಿಗೆಯ ನಂತರ ಬೆನ್ನುನೋವಿಗೆ ಶುರುವಾದ ಮಾತ್ರೆ, ನೋವು ಹೋದ ಮೇಲೂ ಬೇಕೆನಿಸಿತಂತೆ. ಗೆಳತಿಯೊಬ್ಬಳ ಮೂಲಕ ಇನ್ನೂ ಬಲವಾದದ್ದು ಸಿಗತೊಡಗಿತು. ಗಂಡ ಬಿಟ್ಟುಹೋಗಿದ್ದ, ಬಟ್ಟೆ ಹೊಲಿಯುವ ತಾಯಿಯ ಆಸರೆಯಲ್ಲಿದ್ದಳು. ಹೀಗೇ ಆದರೆ ಮೊಮ್ಮಗಳನ್ನು ತಾವೇ ಒಯ್ಯುವುದಾಗಿ ಅತ್ತೆ ಹೇಳಿಕಳಿಸಿದ್ದರು. ಅಂದೇ ದೊಡ್ಡಕ್ಕ ಕೆಲಸ ಬದಿಗಿಟ್ಟು, ಅವಳನ್ನು ತಮ್ಮ ಪರಿಚಯದ ವೈದ್ಯೆಯ ಬಳಿಗೆ, ಅಲ್ಲಿಂದ ವ್ಯಸನಮುಕ್ತಿ ಕೇಂದ್ರಕ್ಕೆ ಕರೆದೊಯ್ದರು. ಮಗುವನ್ನು ಅಜ್ಜಿ ನೋಡಿಕೊಂಡರು.

ಅವಳು ಕೇಂದ್ರದಲ್ಲಿದ್ದಷ್ಟು ಕಾಲ ದೊಡ್ಡಕ್ಕ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದರು. ಹೊಸ ಸಂಚಿಕೆ ಬಂದಾಗ ಒಯ್ದು ಕೊಡುತ್ತಿದ್ದರು. ಹಾಗೆ ಒಯ್ದುಕೊಟ್ಟ ಒಂದು ಕಂತಿನಲ್ಲಿ ಕಥೆಯ ತಾಯಿ ವ್ಯಸನವನ್ನು ಗೆದ್ದು ಮನೆಗೆ ಮರಳಿದಳು. ಓದುಗರು ಸಂತೋಷಪಟ್ಟರು, ಅದನ್ನು ಕಂಡು ಯಜಮಾನರೂ ಸಾವಿನ ಅಂತ್ಯದ ಮಾತು ಬಿಟ್ಟರು. ಅದಾಗಿ ಕೆಲವೇ ದಿನಗಳಲ್ಲಿ ನಮ್ಮ ಹೆಣ್ಣುಮಗಳು ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಕೇಂದ್ರದಿಂದ ಹೊರಟುಹೋದಳು. ಸುದ್ದಿ ತಿಳಿದ ಅತ್ತೆ ಬಂದು ಮಗುವನ್ನು ಎತ್ತಿಕೊಂಡು ಹೋದರು.

ದೊಡ್ಡಕ್ಕ ಮತ್ತು ಆ ಹೆಣ್ಣುಮಗಳ ತಾಯಿ ಊರೆಲ್ಲ ಹುಡುಕಿದರು. ಜತೆಗೆ ನಾನೂ ಇದ್ದೆ. ಕೊನೆಗೆ ಹಳೆಯ ಗೆಳತಿಯ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ತಲೆಯೆತ್ತಲಿಲ್ಲ.

“ನಿಮ್ಮ ಕಥೆಯವಳು ಗೆದ್ಲು ಮೇಡಂ. ನನ್ನ ಕೈಲಿ ಆಗ್ಲಿಲ್ಲ.”

ದೊಡ್ಡಕ್ಕ ಆ ಧೂಳಿನ ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲೇ ಕುಳಿತರು. “ಅವಳನ್ನ ಅಷ್ಟು ಸುಲಭವಾಗಿ ಗೆಲ್ಲಿಸಬಾರದಿತ್ತು ಕಣಮ್ಮ. ಅದು ನಾನು ಮಾಡಿದ ತಪ್ಪು, ನಿನ್ನದಲ್ಲ. ನಾನು ತಿದ್ದಿ ಬರೀತೀನಿ. ನೀನೂ ಇನ್ನೊಂದು ಸಲ ಹೋಗಿ ನೋಡು.”

ಅವಳು ಅಂದೇ ಎದ್ದು ಬಂದಳೆಂದು ಬರೆದರೆ ದೊಡ್ಡಕ್ಕನೇ ನನ್ನ ಕರಡಿನಲ್ಲಿ ಅದನ್ನು ಹೊಡೆದುಹಾಕುತ್ತಾರೆ. ಅವಳು ಬರಲಿಲ್ಲ. ಆದರೆ ದೊಡ್ಡಕ್ಕ ಕೊಟ್ಟ ಮಾತಿನಂತೆ ಮುಂದಿನ ಕಂತಿನಲ್ಲಿ ಕಥೆಯ ತಾಯಿ ಮತ್ತೆ ಎಡವಿದಳು. ಪೋಷಕರು ಗೊಣಗಿದರು, ಕೆಲವು ಶಾಲೆಗಳು ಪತ್ರಿಕೆ ತರಿಸುವುದನ್ನೇ ನಿಲ್ಲಿಸಿದವು. ಯಜಮಾನರು ಕರೆಸಿ ಕೂಗಾಡಿದರು. ಕಥೆಯನ್ನು ನಿಲ್ಲಿಸುವುದಾದರೆ ತಮ್ಮನ್ನೂ ಕೆಲಸದಿಂದ ಬಿಡಿಸಿ ಎಂದು ಹೇಳಿ ದೊಡ್ಡಕ್ಕ ತಣ್ಣಗೆ ಹೊರಬಂದರು. ಯಜಮಾನರು ಎರಡನ್ನೂ ಮಾಡಲಿಲ್ಲವೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸಬೇಕು.

ಆ ಕಂತನ್ನು ಓದಿದ ಮೇಲೆ ಆ ಹೆಣ್ಣುಮಗಳು, ಯಾರ ಕೈಯನ್ನೂ ಹಿಡಿಯದೆ, ತಾನೇ ಬಸ್ಸು ಹತ್ತಿ ಕೇಂದ್ರದ ಬಾಗಿಲಿಗೆ ಹೋದಳು. ದೊಡ್ಡಕ್ಕನಿಗೆ ಈ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದವರು ವೈದ್ಯೆ. ಕಾದಂಬರಿಯ ಕೊನೆಯ ಕಂತೂ ಒಂದು ಬಾಗಿಲ ಮುಂದೆ ಮುಗಿಯುತ್ತದೆ. ತಾಯಿ ಎರಡನೆಯ ಸಲ ಅಲ್ಲಿಗೆ ಬಂದು ನಿಂತಿರುತ್ತಾಳೆ, ಮಗು ಉಳಿಯುತ್ತದೋ ಇಲ್ಲವೋ ಎಂಬುದನ್ನು ಕಥೆ ಹೇಳುವುದಿಲ್ಲ.

ನಿಜದಲ್ಲಿ ಮಗು ಮರಳಲು ಬಹಳ ಕಾಲ ಹಿಡಿಯಿತು. ಕೇಂದ್ರದಿಂದ ಮನೆಗೆ ಬಂದ ಮೇಲೂ ಆ ಹೆಣ್ಣುಮಗಳಿಗೆ ದಿನಗಳು ಸುಲಭವಾಗಿರಲಿಲ್ಲ; ಬೆಳಿಗ್ಗೆ ಎದ್ದು ತಾಯಿಯ ಹೊಲಿಗೆ ಯಂತ್ರದ ಮುಂದೆ ಕುಳಿತು ಸಂಜೆಯವರೆಗೆ ಕೈಗೆ ಕೆಲಸ ಕೊಟ್ಟುಕೊಳ್ಳುತ್ತಿದ್ದಳು. ದೊಡ್ಡಕ್ಕ ಅವಳ ತಾಯಿಯ ಜತೆ ಅತ್ತೆಯ ಮನೆಗೆ ಹಲವು ಬಾರಿ ಹೋದರು. ವಾದ ಮಾಡಲಿಲ್ಲ, ಕುಳಿತು ಮಾತಾಡಿ, ಮಗುವನ್ನು ಆಡಿಸಿ ಬರುತ್ತಿದ್ದರು. ಅತ್ತೆ ಮೊದಲು ಗಂಟೆಯ ಮಟ್ಟಿಗೆ, ಆಮೇಲೆ ದಿನದ ಮಟ್ಟಿಗೆ, ಕೊನೆಗೆ ಪೂರ್ತಿಯಾಗಿ ಮಗುವನ್ನು ತಾಯಿಗೆ ಬಿಟ್ಟರು. ಅಷ್ಟರಲ್ಲಿ ಮಾತು ಕಲಿತಿದ್ದ ಮಗು ತಾಯಿಯನ್ನು ‘ಅಕ್ಕ’ ಎಂದೇ ಕರೆಯುತ್ತಿತ್ತು. ಅದನ್ನು ತಿದ್ದಲು ಹೋಗದೆ ಕಾದದ್ದು ತನ್ನ ಬದುಕಿನ ಅತ್ಯಂತ ಕಷ್ಟದ ಕೆಲಸವೆಂದು ಆಕೆ ನನಗೆ ಹೇಳಿದ್ದಾಳೆ.

ಇಂದು ಆಕೆಗೆ ತನ್ನದೇ ಹೊಲಿಗೆ ಅಂಗಡಿಯಿದೆ. ಈ ಲೇಖನವನ್ನು ಆಕೆಯ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಮಗಳು ಈಗ ಪ್ರೌಢಶಾಲೆಯಲ್ಲಿದ್ದಾಳೆ. ಕಳೆದ ವರ್ಷ ತಾಯಿಯೇ ಆ ಕಾದಂಬರಿಯನ್ನು ಮಗಳ ಕೈಗೆ ಕೊಟ್ಟಳಂತೆ. ಹುಡುಗಿ ಓದಿ ಮುಗಿಸಿ, ಅಂಗಡಿಗೆ ಬಂದು, ಗುಂಡಿಗಳನ್ನು ಬಣ್ಣ ಬಣ್ಣವಾಗಿ ಬೇರ್ಪಡಿಸುತ್ತಾ ಕುಳಿತಳಂತೆ. ಆಮೇಲೆ ಕೇಳಿದಳು:

“ಅಮ್ಮ, ಇದು ನಿನ್ನ ಕಥೆನಾ?”

“ಅಲ್ಲ. ನನ್ನದನ್ನ ನಾನೇ ಹೇಳ್ತೀನಿ. ಬಾಗಿಲು ಮುಂದೆ ಮಾಡಿ ಬಾ, ಕೂತ್ಕೋ.”

ಕಥೆಗಾರರೊಬ್ಬರಿಗೆ ಇದಕ್ಕಿಂತ ದೊಡ್ಡ ಸನ್ಮಾನವನ್ನು ನಾವು ಈ ಸಂಪುಟದಿಂದ ಮಾಡಲಾರೆವು. ದೊಡ್ಡಕ್ಕ ಇನ್ನು ಕರಡುಗಳ ಕಾಟವಿಲ್ಲದೆ, ಒಳ್ಳೆಯ ಆರೋಗ್ಯದಿಂದ ಬಹುಕಾಲ ಬಾಳಲಿ. ನಮ್ಮೆಲ್ಲರ ಬರಹ ತಿದ್ದುವುದರಲ್ಲಿ ಕಳೆದ ವರ್ಷಗಳಿಗೆ ಪ್ರತಿಯಾಗಿ, ತಮ್ಮ ಎರಡನೆಯ ಕಾದಂಬರಿಯನ್ನು ಅವರು ಬರೆಯಲಿ. ಅದರ ಕರಡು ತಿದ್ದುವ ಕೆಲಸ ಮಾತ್ರ ನನಗಿರಲಿ.